ಹುಡುಗ ಸಹಿ ಹಾಕುವ ತನಕ

ಚೆಟ್ ಪಿಲಾರ್ಸ್ಕಿ ಸತ್ತಿದ್ದು ಮಾರ್ಚ್ ತಿಂಗಳಲ್ಲಿ, ಹಿತ್ತಿಲ ಬಾಗಿಲ ಮುಂದಿನ ಹಿಮ ಎತ್ತಿಹಾಕುವಾಗ. ಹೆಂಡತಿ ಡೆಲ್ಫೀನ್ ಅಡುಗೆಮನೆಯ ಕಿಟಕಿಯಿಂದ ಮೊದಲು ನೋಡಿದ್ದು ಸಲಿಕೆಯನ್ನು. ಅದು ಹಿಮದಲ್ಲಿ ನೆಟ್ಟಗೆ ನಿಂತಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಹೋದ ಈ ಮನುಷ್ಯ ಎಂದು ಬಯ್ದುಕೊಂಡಳು. ಆಮೇಲೆ ಅವನ ಟೊಪ್ಪಿಗೆ ಕಂಡಿತು.

ಗೋರಿಯ ತಲೆಯ ಕಡೆ ಶವಸಂಸ್ಕಾರದವರು ಒಂದು ಪ್ಲಾಸ್ಟಿಕ್ ಫಲಕ ನೆಟ್ಟು ಹೋದರು. ಕಲ್ಲು ಬರುವ ತನಕ ಇರಲಿ ಎಂದು ಎಲ್ಲರಿಗೂ ನೆಡುವ ಫಲಕ ಅದು. ಬೇಸಿಗೆ ಶುರುವಾದ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಅದನ್ನು ಬೀಳಿಸತೊಡಗಿತು. ಕೆಲಸದವರು ಎತ್ತಿ ನೆಡುತ್ತಿದ್ದರು, ಕೈಗೆ ಸಿಕ್ಕ ಜಾಗದಲ್ಲಿ. ಒಂದು ಭಾನುವಾರ ಡೆಲ್ಫೀನ್ ಹೋದಾಗ ಅವಳ ಗಂಡನ ಹೆಸರು ಪಕ್ಕದ ಗೋರಿಯ ಮುದುಕಿಯ ತಲೆಯ ಮೇಲೆ ನಿಂತಿತ್ತು. ಯಾರೋ ಪುಣ್ಯಾತ್ಮರು ಅಲ್ಲೇ ಹೂವನ್ನೂ ಇಟ್ಟಿದ್ದರು. ಡೆಲ್ಫೀನ್ ಫಲಕ ಕಿತ್ತು ತಂದು ಗಂಡನಿಗೆ ನೆಟ್ಟು, ಸುತ್ತ ಮಣ್ಣನ್ನು ಕಾಲಿನಿಂದ ತುಳಿದಳು. ಹೂವನ್ನು ಮುದುಕಿಗೇ ಬಿಟ್ಟಳು.

“ಸ್ವಲ್ಪ ತಾಳು, ಕಲ್ಲು ಬರುತ್ತೆ” ಎಂದಳು.

ಕಲ್ಲು ಬರಬೇಕಿತ್ತು. ಮಣ್ಣು ಮಾಡಿದ ದಿನವೇ ಮಾತಾಗಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆಯುತ್ತಿರುವಾಗ ಬಡ್ ಹ್ಯಾನಿಗನ್ ಎದ್ದು ನಿಂತು ಚಮಚದಿಂದ ಗ್ಲಾಸು ಬಡಿದಿದ್ದ. ಬಡ್ ಸೇತುವೆ ಪಕ್ಕದ ಬಾರಿನ ಯಜಮಾನ. ಅವನ ಬೆನ್ನಿಗೆ ಜೀನ್ ಡೊಂಬೆಕ್ ಮತ್ತು ಲೂ ಫಟಿಗಾಟಿ ಎದ್ದು ನಿಂತರು. ಜೀನ್ ಬ್ರೇಕ್ ಕಾರ್ಖಾನೆಯಲ್ಲಿ ಚೆಟ್‌ನ ಪಕ್ಕದ ಯಂತ್ರದಲ್ಲಿ ದುಡಿದವನು. ಲೂ ಕ್ಷೌರಿಕ. ಈ ಮೂವರೂ ಚೆಟ್‌ನ ಜೊತೆ ಸ್ಟೇಡಿಯಮ್ಮಿನ ಪಾರ್ಕಿಂಗ್‌ನಲ್ಲಿ ಒಂದೇ ಕಂಬದ ಕೆಳಗೆ ವಯಸ್ಸು ಕಳೆದವರು.

“ಕಲ್ಲು ನಮ್ಮದು, ಡೆಲ್. ನೀನೊಂದು ಮಾತೂ ಆಡ್ಬೇಡ” ಎಂದ ಬಡ್.

ಡೆಲ್ಫೀನ್ ತಲೆ ಆಡಿಸಿದಳು.

ಆ ಊರಿನಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಹಿಡಿದು ಎಸೆಯುವ ಫುಟ್‌ಬಾಲ್. ಊರಿನ ತಂಡ ಸ್ಟೋಕರ್ಸ್. ಕುಲುಮೆಗೆ ಕಲ್ಲಿದ್ದಲು ಹಾಕುವವರ ಹೆಸರು. ಕುಲುಮೆಗಳು ಮುಚ್ಚಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ಚೆಟ್ ಮತ್ತು ಗೆಳೆಯರು ಹಳೆಯ ಬ್ರೆಡ್ ವ್ಯಾನೊಂದನ್ನು ಕೊಂಡು ತಂಡದ ಕಿತ್ತಳೆ ಬಣ್ಣ ಬಳಿದಿದ್ದರು. ಆಟದ ದಿನ ಬೆಳಿಗ್ಗೆಯೇ ಅದನ್ನು ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಕೆಂಡ ಹೊತ್ತಿಸಿ, ಸಾಸೇಜ್ ಸುಟ್ಟು, ಬಿಯರ್ ಕುಡಿದು, ಆಟ ಶುರುವಾಗುವ ಹೊತ್ತಿಗೆ ಗಂಟಲು ಕಟ್ಟಿಸಿಕೊಂಡು ಒಳಗೆ ಹೋಗುತ್ತಿದ್ದರು. ತಂಡ ಸೋಲುತ್ತಿತ್ತು. ಬಂದು ಉಳಿದ ಸಾಸೇಜ್ ತಿನ್ನುತ್ತಿದ್ದರು. ಡೆಲ್ಫೀನಳ ಮದುವೆಯ ಆಯುಷ್ಯವೆಲ್ಲ ಹೀಗೇ ನಡೆಯಿತು. ಚೆಟ್ ಅವಳನ್ನು ಒಂದು ದಿನವೂ ಹೊಡೆಯಲಿಲ್ಲ, ಸಂಬಳವನ್ನು ಕುಡಿದು ಮುಗಿಸಲಿಲ್ಲ. ಭಾನುವಾರ ಸೋತರೆ ಬುಧವಾರದ ತನಕ ಮಾತಾಡುತ್ತಿರಲಿಲ್ಲ, ಅಷ್ಟೇ.

ಆಮೇಲೆ ಜೇಲನ್ ಪ್ರೂಯಿಟ್ ಬಂದ. ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆದು ಇಡೀ ಆಟ ನಡೆಸುವವನು. ಗಡ್ಡ ಇನ್ನೂ ಸರಿಯಾಗಿ ಬಂದಿರಲಿಲ್ಲ. ಎರಡನೇ ವರ್ಷಕ್ಕೇ ತಂಡವನ್ನು ಕಡೆಯ ಸುತ್ತುಗಳಿಗೆ ಕೊಂಡೊಯ್ದ. ಅದೊಂದು ಜನವರಿಯ ಆಟ. ಹಿಮ ಎಷ್ಟು ಬೀಳುತ್ತಿತ್ತೆಂದರೆ ಮೈದಾನದ ಗೆರೆ ಕಾಣುತ್ತಿರಲಿಲ್ಲ. ಹುಡುಗ ಕಣ್ಣಿಗೆ ಕಾಣದ ಕಡೆಗೆ ಚೆಂಡು ಎಸೆದ, ಅಲ್ಲೊಬ್ಬ ಹಿಡಿದ, ಸ್ಟೋಕರ್ಸ್ ಗೆದ್ದಿತು. ಚೆಟ್ ಪಾರ್ಕಿಂಗ್‌ಗೆ ಬಂದವನೇ ವ್ಯಾನಿನ ಮೇಲೆ ಹತ್ತಿದ.

“ನಾನು ಸತ್ರೆ ನನ್ನ ಕಲ್ಲಿನ ಮೇಲೆ ಈ ಹುಡುಗನ ನಂಬರ್ ಕೆತ್ಸಿ. ಏಳು. ಎಲ್ರೂ ಕೇಳಿಸ್ಕೊಂಡ್ರಾ?”

“ಇಳಿಯೋ ಕೆಳಗೆ, ಸೊಂಟ ಮುರ್ಕೊಂಡ್ರೆ ನಾನೇ ತಾನೆ ಒರೆಸ್ಬೇಕು” ಎಂದಳು ಡೆಲ್ಫೀನ್.

ಅವಳ ಮಾತು ಯಾರಿಗೂ ನೆನಪಿಲ್ಲ. ಅವನ ಮಾತು ಮೂವರಿಗೂ ದೇವರ ಅಪ್ಪಣೆಯಾಯಿತು. ಸತ್ತಾಗ ಅವನಿಗೆ ಏಳನೇ ನಂಬರಿನ ಜೆರ್ಸಿಯನ್ನೇ ಹಾಕಿ ಮಲಗಿಸಿದರು, ಒಳಗೆ ಬಿಳಿ ಅಂಗಿ, ಟೈ. ಪಾದ್ರಿ ಏನಾದರೂ ಅಂದಾರು ಎಂದು ಡೆಲ್ಫೀನ್ ಹೆದರಿದ್ದಳು. ಪಾದ್ರಿ ಮಂಡಿಯೂರಿದಾಗ ನಿಲುವಂಗಿಯ ಕೆಳಗಿನ ಕಿತ್ತಳೆ ಬಣ್ಣದ ಕಾಲುಚೀಲ ಕಂಡಿತು.

ಬಡ್ ಹೋಗಿ, ಗೋರಿಕಲ್ಲು ಕೆತ್ತುವ ಸೆಡ್ಲಾಕ್‌ನ ಅಂಗಳದಲ್ಲಿ ಬೂದು ಗ್ರಾನೈಟ್ ಆರಿಸಿ ಚಿತ್ರ ಬರೆಸಿ ತಂದ. ಸ್ಟೋಕರ್ಸ್ ಆಟಗಾರರು ಹಾಕುವಂಥ ದೊಡ್ಡದೊಂದು ಹೆಲ್ಮೆಟ್. ಅದರ ಕೆಳಗೆ ಅಷ್ಟೇ ದೊಡ್ಡ ಏಳು. ಕೆಳ ಮೂಲೆಯಲ್ಲಿ ಹೆಸರು.

“ಹೆಸರು ಸಣ್ಣದಾಯ್ತು” ಎಂದಳು ಡೆಲ್ಫೀನ್.

“ಹೆಲ್ಮೆಟ್ ನೋಡಿದ್ರೆ ಸಾಕು ಕಣೆ, ಯಾರು ಅಂತ ಗೊತ್ತಾಗುತ್ತೆ.”

“ಆ ಗೋರಿ ಸಾಲಿನಲ್ಲಿ ಅರ್ಧ ಜನಕ್ಕೆ ಹೆಲ್ಮೆಟ್ಟೇ ಇದೆ, ಬಡ್.”

“ಏಳು ಯಾರಿಗಿದೆ ಹೇಳು” ಎಂದ ಬಡ್. ಕೊಡುವವರ ಕಲ್ಲು, ಹೆಚ್ಚು ಮಾತಾಡಬಾರದು ಎಂದು ಡೆಲ್ಫೀನ್ ಚಿತ್ರವನ್ನು ಮಡಿಸಿ ಅವನ ಕೈಗೆ ಕೊಟ್ಟಳು.

ಜುಲೈ ಕೊನೆಗೆ ಅಭ್ಯಾಸ ಶಿಬಿರ ಶುರುವಾಯಿತು. ಪ್ರೂಯಿಟ್ ಬರಲಿಲ್ಲ.

ಬರುವುದಿಲ್ಲ ಎಂದು ಅವನ ಏಜೆಂಟ್ ಟೀವಿಯಲ್ಲಿ ಹೇಳಿದ. ಹುಡುಗನ ಹಳೆಯ ಕರಾರಿನಲ್ಲಿ ಇನ್ನೊಂದು ವರ್ಷ ಬಾಕಿ ಇತ್ತು. ಅದನ್ನು ಹರಿದು ಹೊಸದು ಬರೆಯಿರಿ, ಐದು ವರ್ಷಕ್ಕೆ, ಬೇರೆ ಊರಿನ ಹುಡುಗರಿಗೆ ಕೊಡುವಷ್ಟು ಕೊಡಿ, ಇಲ್ಲದಿದ್ದರೆ ಮನೆಯಲ್ಲೇ ಇರುತ್ತಾನೆ. ಕೇಳಿದ ಮೊತ್ತಕ್ಕೆ ಸೊನ್ನೆಗಳು ಎಷ್ಟೆಂದು ಟೀವಿಯವರು ಒಂದೊಂದಾಗಿ ತೋರಿಸಿದರು.

ಶುಕ್ರವಾರ ಬಡ್‌ನ ಬಾರಿನಲ್ಲಿ ಕರಿದ ಮೀನಿನ ಊಟ. ಒಬ್ಬಳಿಗೆ ಅಡುಗೆ ಮಾಡಲು ಡೆಲ್ಫೀನಳಿಗೆ ಇನ್ನೂ ಬರುತ್ತಿರಲಿಲ್ಲ. ಆಲೂಗಡ್ಡೆ ಬೇಯಿಸಿದರೆ ಇಬ್ಬರಿಗಾಗುವಷ್ಟು ಆಗುತ್ತಿತ್ತು. ಹಾಗಾಗಿ ಅಲ್ಲಿಗೆ ಹೋಗುತ್ತಿದ್ದಳು. ಆ ಶುಕ್ರವಾರ ಮೀನು ಯಾರ ಬಾಯಿಗೂ ಹೋಗುತ್ತಿರಲಿಲ್ಲ, ಬಾಯಿ ಖಾಲಿ ಇರಲಿಲ್ಲ.

“ಕರಾರು ಅಂದ್ರೆ ಕರಾರು” ಎನ್ನುತ್ತಿದ್ದ ಬಡ್. “ಸಹಿ ಹಾಕಿದ ಮೇಲೆ ಮುಚ್ಕೊಂಡು ಆಡ್ಬೇಕು. ಕೊಟ್ಟ ಮಾತು ಅಂತ ಒಂದಿರುತ್ತೆ.”

“ನೀನು ಮದುವೆಗೂ ಸಹಿ ಹಾಕಿದ್ದೆಯಲ್ಲೋ” ಎಂದ ಲೂ. “ಮೂರು ಸಲ.”

“ಅದು ಬೇರೆ.”

“ಅವನ ಮಂಡಿ ಹೋದ್ರೆ ನಾಳೆ ನೀನು ಸಾಕ್ತೀಯಾ? ಈಗ ಕೇಳ್ದೆ ಇನ್ಯಾವಾಗ ಕೇಳ್ಬೇಕು ಆ ಹುಡುಗ?”

“ತಂಡದ ಮಾಲೀಕ ಎಲ್ಲಿಂದ ತರ್ತಾನೆ ಅಷ್ಟು?” ಎಂದ ಜೀನ್ ಡೊಂಬೆಕ್. “ಪಾಪ, ಅವನಿಗೂ ಒಂದು ಲೆಕ್ಕ ಇರುತ್ತಲ್ಲ.”

ಡೆಲ್ಫೀನ್ ಮೀನಿನ ಮುಳ್ಳು ತೆಗೆಯುತ್ತಿದ್ದವಳು ತಲೆ ಎತ್ತಿದಳು. ಇದೇ ಜೀನ್ ಡೊಂಬೆಕ್ ಬ್ರೇಕ್ ಕಾರ್ಖಾನೆಯ ಮುಷ್ಕರದಲ್ಲಿ ಗೇಟಿನ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಚಳಿಗಾಲವೆಲ್ಲ ನಿಂತವನು. ಆಗಲೂ ಕರಾರು ಮುಗಿದಿರಲಿಲ್ಲ. ಚೆಟ್ ಯೂನಿಯನ್ನಿನ ಮುಂದಾಳು. ಡೆಲ್ಫೀನ್ ಎಲೆಕೋಸಿನ ಸುರುಳಿ ಮಾಡಿ ಮಾಡಿ ಗೇಟಿಗೆ ಹೊತ್ತಿದ್ದಳು. ಕಾರ್ಖಾನೆಯ ಮಾಲೀಕನ ಲೆಕ್ಕದ ಬಗ್ಗೆ ಆಗ ಜೀನ್ ಹೇಳಿದ ಮಾತನ್ನು ಬರೆಯಲು ಬರುವುದಿಲ್ಲ.

“ಯಾವ ಮಾಲೀಕ?” ಎಂದು ಕೇಳಿದಳು. “ಸರೋವರದ ಮೇಲೆ ಎರಡು ದೋಣಿ ಇಟ್ಟಿದಾನಲ್ಲ, ಆ ಪಾಪದವನಾ?”

“ದೋಣಿಗೂ ಖರ್ಚಿರುತ್ತೆ, ಡೆಲ್” ಎಂದ ಜೀನ್. ತಮಾಷೆಗೆ ಅಲ್ಲ.

ಆಮೇಲೆ ಬಡ್ ಕೈ ಒರೆಸಿಕೊಂಡು ಬಂದು ಅವಳ ಎದುರು ಕೂತ. ಬಾರಿನ ಯಜಮಾನ ಎದುರು ಬಂದು ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ಡೆಲ್, ಕಲ್ಲಿನ ವಿಷಯ. ಸೆಡ್ಲಾಕ್‌ಗೆ ಸ್ವಲ್ಪ ತಡಿ ಅಂದಿದೀನಿ.”

“ಯಾಕೆ?”

“ಇವನು ಸಹಿ ಹಾಕ್ದೆ ಬೇರೆ ಊರಿಗೆ ಓಡಿಹೋದ ಅನ್ಕೋ. ಆಗ ಚೆಟ್ ಗತಿ ಏನು? ದ್ರೋಹಿ ನಂಬರ್ ತಲೆ ಮೇಲೆ ಇಟ್ಕೊಂಡು ಲೋಕ ಮುಗಿಯೋ ತನಕ ಮಲಗ್ಬೇಕು.”

“ಅವನು ಈಗಾಗ್ಲೇ ಆ ಜೆರ್ಸಿ ಹಾಕ್ಕೊಂಡೇ ಮಲಗಿದಾನೆ.”

ಇದು ಮೂವರಿಗೂ ಹೊಳೆದಿರಲಿಲ್ಲ.

“ಅದು ಯಾರಿಗೂ ಕಾಣಲ್ಲ” ಎಂದ ಲೂ ಕಡೆಗೆ.

ಆಗಸ್ಟ್ ತಿಂಗಳೆಲ್ಲ ಹುಡುಗ ಮನೆಯಲ್ಲಿದ್ದ, ಕಲ್ಲು ಸೆಡ್ಲಾಕ್‌ನ ಅಂಗಳದಲ್ಲಿ ಬೋಳಾಗಿ ನಿಂತಿತ್ತು. ಜೀನ್ ತನ್ನ ಏಳನೇ ನಂಬರಿನ ಜೆರ್ಸಿಯನ್ನು ಬಾರಿನ ಹಿಂದೆ ಸುಟ್ಟ. ನೋಡಲು ಜನ ಸೇರಿದರು. ಬಟ್ಟೆ ಸರಿಯಾಗಿ ಉರಿಯದೆ ಕರಗಿ ನೆಲಕ್ಕೆ ಅಂಟಿತು, ವಾರವೆಲ್ಲ ನಾತ. ಅಷ್ಟರಲ್ಲಿ ಮಾತುಕತೆ ಕುದುರುತ್ತಿದೆ ಎಂದು ಸುದ್ದಿ ಬಂತು. ಜೀನ್ ಹೋಗಿ ಹೊಸದೊಂದು ಕೊಂಡುಕೊಂಡ. ಮಾತುಕತೆ ಮುರಿಯಿತು. ಹೊಸದನ್ನು ಸುಡಲು ಹೆಂಡತಿ ಬಿಡಲಿಲ್ಲ.

ಆ ಊರಿನ ರೇಡಿಯೋದಲ್ಲಿ ಬೆಳಗಿನಿಂದ ಸಂಜೆಯ ತನಕ ತಂಡದ ಮಾತೇ. ಜನ ಫೋನ್ ಮಾಡಿ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕುತ್ತಾರೆ. ಡೆಲ್ಫೀನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ವಾರ, ದೊಡ್ಡ ಪಾತ್ರೆಯಲ್ಲಿ ಮ್ಯಾಕರೋನಿ ತಿರುವುತ್ತಿದ್ದಾಗ ಕಪಾಟಿನ ಮೇಲಿನ ರೇಡಿಯೋದಿಂದ ಬಡ್‌ನ ದನಿ ಬಂತು.

“ನಮ್ಮ ಗೆಳೆಯ ಒಬ್ಬ ತೀರ್ಕೊಂಡ. ಕಲ್ಲಿನ ಮೇಲೆ ಏಳು ಕೆತ್ಸಿ ಅಂದಿದ್ದ. ಈಗ ನಾವೇನು ಮಾಡ್ಬೇಕು, ನೀವೇ ಹೇಳಿ.”

ಮೈಕಿನ ಮುಂದೆ ಕೂತವನಿಗೆ ಹಬ್ಬವಾಯಿತು. ಊರೆಲ್ಲ ಫೋನ್ ಮಾಡಿತು. ತಡೆಯಿರಿ ಎಂದರು. ಸತ್ತವನ ಮಾತು ಮೀರಬೇಡಿ ಎಂದರು. ಹಿತ್ತಾಳೆಯ ಅಂಕಿ ಮಾಡಿಸಿ ಬೋಲ್ಟ್ ಹಾಕಿ, ಆಟಗಾರ ಬದಲಾದಂತೆ ಬಿಚ್ಚಿ ಹಾಕಬಹುದು ಎಂದ ಒಬ್ಬ ಪ್ಲಂಬರ್. ಅದು ಒಳ್ಳೆಯ ಉಪಾಯ ಎಂದು ಇನ್ನು ನಾಲ್ಕು ಜನ ಹೇಳಿದರು. ಹುಡುಗ ಇದನ್ನು ಕೇಳುತ್ತಿದ್ದರೆ ನಾಚಿಕೆಯಿಂದ ಸಹಿ ಹಾಕಬೇಕು ಎಂದು ಒಬ್ಬಾಕೆ ಅತ್ತಳು. ಹಣಕ್ಕಾಗಿ ಒಬ್ಬ ಬಡವನ ಗೋರಿಯನ್ನು ತಡೆದು ನಿಲ್ಲಿಸಿದ್ದಾನೆ ಎಂದಳು. ಸತ್ತವನ ಹೆಸರನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

“ಯಾರೋ ಪಾಪ, ಡೆಲ್ಫೀನ್” ಎಂದಳು ಜೊತೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ರೋವೀನಾ. “ಹೆಂಡ್ತಿ ಇದ್ರೆ ಅವಳೇನ್ ಮಾಡ್ತಿದಾಳೋ.”

“ಮ್ಯಾಕರೋನಿ ತಿರುವ್ತಿದಾಳೆ” ಎಂದಳು ಡೆಲ್ಫೀನ್.

ರೋವೀನಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ರೇಡಿಯೋ ಆರಿಸಿದಳು.

ಆ ವಾರವೇ ಸೆಡ್ಲಾಕ್ ಫೋನ್ ಮಾಡಿದ. ಓರ್ವಿಲ್ ಸೆಡ್ಲಾಕ್ ಕಡಿಮೆ ಮಾತಿನವನು, ಕಿವಿಯಲ್ಲಿ ಯಾವಾಗಲೂ ಕಲ್ಲಿನ ಪುಡಿ.

“ಮಿಸೆಸ್ ಪಿಲಾರ್ಸ್ಕಿ, ಸ್ಮಶಾನದವರು ತಳಪಾಯದ ಕಾಂಕ್ರೀಟ್ ವರ್ಷಕ್ಕೆ ಎರಡೇ ಸಲ ಹಾಕೋದು. ಈ ಸಲದ್ದಕ್ಕೆ ಶುಕ್ರವಾರ ಕೊನೆ. ಅದು ತಪ್ಪಿದ್ರೆ ನೆಲ ಹೆಪ್ಪುಗಟ್ಟುತ್ತೆ. ಆಮೇಲೆ ಮೇ ತಿಂಗಳೇ.”

“ಬಡ್‌ಗೆ ಹೇಳಿದ್ರಾ?”

“ಹೇಳ್ದೆ. ಹುಡುಗ ಸಹಿ ಹಾಕೋ ತನಕ ತಡಿ ಅಂದ್ರು.”

ಮೇ ತಿಂಗಳ ತನಕ ಎಂದರೆ ಆ ಊರಿನ ಚಳಿಗಾಲ ಪೂರ್ತಿ. ಸರೋವರದ ಕಡೆಯಿಂದ ಹಿಮ ಬಂದರೆ ಸೊಂಟದ ತನಕ ಬರುತ್ತದೆ. ಪ್ಲಾಸ್ಟಿಕ್ ಫಲಕ ಮೊದಲ ವಾರಕ್ಕೇ ಮುರಿಯುತ್ತದೆ. ಗಂಡ ಎಲ್ಲಿದ್ದಾನೆಂದು ಅವಳು ಬಿಳಿ ಬಯಲಿನಲ್ಲಿ ಅಂದಾಜಿನ ಮೇಲೆ ಹುಡುಕಬೇಕು. ಹಿಮದಲ್ಲಿ ಒಂದು ಸಲ ಹುಡುಕಿದ್ದು ಸಾಕಾಗಿತ್ತು ಅವಳಿಗೆ.

ಗುರುವಾರ ಸಂಜೆ ಮೂವರನ್ನೂ ತನ್ನ ಅಡುಗೆಮನೆಗೆ ಕರೆದಳು. ಕಾಫಿ ಇಟ್ಟಳು. ವಿಷಯ ಹೇಳಿದಳು. ಮೂವರೂ ಗಂಭೀರವಾಗಿ ಕೇಳಿದರು. ಗಂಭೀರವಾಗಿಯೇ ಹುಡುಗನ ಕರಾರಿನ ಮಾತಿಗೆ ಇಳಿದರು.

“ಭಾನುವಾರದ ಆಟ ಸೋತ್ರೆ ಮಾಲೀಕ ಬಗ್ತಾನೆ” ಎಂದ ಲೂ.

“ಗೆದ್ರೆ ಹುಡುಗ ಬಗ್ತಾನೆ” ಎಂದ ಜೀನ್.

“ಓಟಿಗೆ ಹಾಕೋಣ” ಎಂದ ಬಡ್. “ಯೂನಿಯನ್ ಪದ್ಧತಿ. ಚೆಟ್ ಇದ್ದಿದ್ರೂ ಹಾಗೇ ಮಾಡ್ತಿದ್ದ.”

ಕೈ ಎತ್ತಿದರು. ಕೆತ್ತಿಸಲಿ ಎಂದು ಲೂ. ತಡೆಯಲಿ ಎಂದು ಬಡ್. ಜೀನ್ ಎರಡಕ್ಕೂ ಅರ್ಧರ್ಧ ಎತ್ತಿದ.

“ನನ್ನ ಓಟು?” ಎಂದಳು ಡೆಲ್ಫೀನ್.

“ನಿನ್ನ ಮನಸ್ಸು ಈಗ ಸರಿ ಇಲ್ಲ ಕಣೆ” ಎಂದ ಬಡ್, ಮೆಲ್ಲಗೆ, ಪ್ರೀತಿಯಿಂದಲೇ. “ದುಃಖದಲ್ಲಿದೀಯ. ಇಂಥಾ ತೀರ್ಮಾನ ನೀನು ಮಾಡ್ಬಾರ್ದು. ನಮಗೆ ಬಿಡು.”

ಅವರು ಹೋದ ಮೇಲೆ ಕಪ್ ತೊಳೆಯುತ್ತ ಡೆಲ್ಫೀನ್ ಚೆಟ್‌ನನ್ನು ನೆನೆದಳು. ಚೆಟ್ ಇದ್ದಿದ್ದರೆ ಏನು ಮಾಡುತ್ತಿದ್ದ? ಯೂನಿಯನ್ನಿನ ಮುಂದಾಳು, ಹುಡುಗನ ಪರ ನಿಲ್ಲುತ್ತಿದ್ದ ಎಂದು ಬೇರೆಯವರಿಗೆ ಹೇಳಬಹುದು. ಅವಳಿಗೆ ಗೊತ್ತು. ಬೆಳಿಗ್ಗೆ ಹುಡುಗನನ್ನು ಬಯ್ಯುತ್ತಿದ್ದ, ಮಧ್ಯಾಹ್ನ ಮಾಲೀಕನನ್ನು ಬಯ್ಯುತ್ತಿದ್ದ, ಸಂಜೆ ರೇಡಿಯೋಗೆ ಫೋನ್ ಮಾಡಿ ಇಬ್ಬರನ್ನೂ ಬಯ್ಯುತ್ತಿದ್ದ. ಈ ಮೂವರಿಗಿಂತ ಅವನ ಗಂಟಲೇ ಜೋರು. ಆ ಜನವರಿಯಲ್ಲಿ ವ್ಯಾನಿನ ಮೇಲೆ ನಿಂತು ಇನ್ನೂ ಏನೇನೋ ಹೇಳಿದ್ದ. ಮನೆ ಮಾರಿ ಫ್ಲಾರಿಡಾಕ್ಕೆ ಹೋಗೋಣ ಎಂದಿದ್ದ. ಪಾದ್ರಿಗೆ ಮುತ್ತು ಕೊಡುತ್ತೇನೆ ಎಂದಿದ್ದ. ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲು ಹೊರಟಿರಲಿಲ್ಲ. ಅವಳು ನಕ್ಕಳು. ಮಾರ್ಚ್ ಆದ ಮೇಲೆ ಅದೇ ಮೊದಲು. ಆಮೇಲೆ ನಲ್ಲಿ ತೆರೆದಿಟ್ಟು ಸ್ವಲ್ಪ ಹೊತ್ತು ಅತ್ತಳು.

ಮರುದಿನ ಕೆಲಸ ಮುಗಿಸಿ ಏಪ್ರನ್ ಬಿಚ್ಚದೆಯೇ ಸೆಡ್ಲಾಕ್‌ನಲ್ಲಿಗೆ ಹೋದಳು.

“ಕಲ್ಲು ಹ್ಯಾನಿಗನ್ ಹೆಸರಲ್ಲಿದೆಯಮ್ಮಾ” ಎಂದ ಅವನು.

“ಗೋರಿ ಯಾರ ಹೆಸರಲ್ಲಿದೆ?”

ಸೆಡ್ಲಾಕ್ ಕಿವಿ ಕೆರೆದುಕೊಂಡ. “ನಿಮ್ಮ ಹೆಸರಲ್ಲಿ. ಏನೇ ನಿಲ್ಲಿಸ್ಬೇಕಾದ್ರೂ ಜಾಗದವರ ಸಹಿ ಬೇಕು. ಅವರ ಚಿತ್ರಕ್ಕೂ ನಿಮ್ಮ ಸಹಿ ಬೇಕಾಗಿತ್ತು, ನಾನೇ ಕೇಳ್ಬೇಕು ಅಂತಿದ್ದೆ.”

“ಯಾರೂ ನನಗೆ ಹೇಳ್ಲಿಲ್ಲ.”

“ಯಾರೂ ನನ್ನನ್ನ ಕೇಳ್ಲಿಲ್ಲ.”

“ಪೆನ್ ಕೊಡಿ” ಎಂದಳು. “ಹೆಲ್ಮೆಟ್ ಬೇಡ. ಏಳು ಬೇಡ. ಹೆಸರು ದೊಡ್ಡದಾಗಿ, ಪೂರ್ತಿ. ಹುಟ್ಟಿದ ವರ್ಷ, ಸತ್ತ ವರ್ಷ.”

“ಪಕ್ಕದಲ್ಲಿ ನಿಮ್ಮ ಹೆಸರು? ಸಾಮಾನ್ಯವಾಗಿ ಈಗಲೇ ಹಾಕ್ಸ್ತಾರೆ. ಆಮೇಲೆ ವರ್ಷ ಸೇರಿಸಿದ್ರಾಯ್ತು.”

“ನಂದು ಇನ್ನೂ ಮಾತುಕತೆಯಲ್ಲಿದೆ” ಎಂದಳು ಡೆಲ್ಫೀನ್. “ಜಾಗ ಬಿಡಿ, ಸಾಕು.”

ಕಾಂಕ್ರೀಟ್ ಬಿತ್ತು. ಅಕ್ಟೋಬರಿನಲ್ಲಿ ಕಲ್ಲು ನಿಂತಿತು. ಸಾಲಾಗಿ ಮೂರು ಆಟ ಸೋತ ಮೇಲೆ ಅದೇ ವಾರ ಮಾಲೀಕ ಬಗ್ಗಿದ. ಪ್ರೂಯಿಟ್ ಸಹಿ ಹಾಕಿದ. ಊರಿನಲ್ಲಿ ಕಾರುಗಳು ಹಾರ್ನ್ ಹೊಡೆದವು. ಹಣಕ್ಕೆ ಬಾಯಿ ಬಿಟ್ಟವನು ಎಂದು ಬಯ್ದವರೆಲ್ಲ ಅವನು ಕೇಳಿದ್ದು ಕಡಿಮೆಯಾಯಿತು ಎಂದರು. ಜೀನ್ ಕಪಾಟಿನಿಂದ ಹೊಸ ಜೆರ್ಸಿ ತೆಗೆದ. ಬಡ್ ಓಡಿಬಂದು ಡೆಲ್ಫೀನಳ ಬಾಗಿಲು ಬಡಿದ, ಬೆನ್ನಿಗೆ ಲೂ ಮತ್ತು ಜೀನ್.

“ಹಾಕ್ದ ಕಣೆ, ಡೆಲ್. ಐದು ವರ್ಷಕ್ಕೆ. ಈಗ ಸೆಡ್ಲಾಕ್‌ಗೆ ಹೇಳ್ತೀನಿ, ಏಳು ಕೆತ್ಲಿ.”

“ಕಲ್ಲು ನಿಂತಾಯ್ತು” ಎಂದಳು.

ಬಡ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಖ ಕೆಂಪಾಯಿತು, ಆಮೇಲೆ ಇನ್ನೂ ಕೆಂಪಾಯಿತು. “ನಮ್ಮನ್ನ ಒಂದು ಮಾತು ಕೇಳ್ಬೇಡ್ವೇನೆ? ಕೊಟ್ಟವರು ನಾವು.”

“ಕೊಟ್ರಿ. ಅದನ್ನ ನಾನು ಮರೆಯಲ್ಲ. ನಿಂತಿದೆ ಅಲ್ಲಿ, ಬನ್ನಿ ನೋಡಿ.”

“ಜಾಗ ಇದ್ರೆ ಈಗ್ಲೂ ಕೆತ್ಸ್ಬಹುದು” ಎಂದ ಲೂ ಸಮಾಧಾನಕ್ಕೆ. “ಐದು ವರ್ಷ ಗ್ಯಾರಂಟಿ ಇದೆಯಲ್ಲ.”

“ಚೆಟ್ ಅದಕ್ಕಿಂತ ಜಾಸ್ತಿ ಇರ್ತಾನೆ, ಲೂ” ಎಂದಳು ಡೆಲ್ಫೀನ್. ಕೋಟು ಹಾಕಿಕೊಂಡಳು.

ಬಡ್‌ನ ಟ್ರಕ್ಕಿನಲ್ಲಿ ನಾಲ್ವರೂ ಇಕ್ಕಟ್ಟಾಗಿ ಕೂತು ಹೋದರು. ದಾರಿಯುದ್ದಕ್ಕೂ ಬಡ್ ಮಾತಾಡಲಿಲ್ಲ, ಬುಧವಾರದ ತನಕ ಮಾತಾಡದವನ ಹಾಗೆ. ಸ್ಮಶಾನದಲ್ಲಿ ಗಾಳಿ ಜೋರಿತ್ತು. ಹೆಲ್ಮೆಟ್ಟುಗಳ ಸಾಲಿನ ನಡುವೆ ಬೂದು ಕಲ್ಲು ಚಿತ್ರವಿಲ್ಲದೆ, ಅಗಲವಾಗಿ ನಿಂತಿತ್ತು. ಅಕ್ಷರಗಳು ಆಳವಾಗಿದ್ದವು, ದೂರದಿಂದಲೇ ಓದಬಹುದಿತ್ತು.

ಜೀನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ನೇರ ನಿಂತ. ಮತ್ತೆ ಬಗ್ಗಿದ.

“ಸೆಡ್ಲಾಕ್ ಎಡವಟ್ಟು ಮಾಡಿದಾನೆ, ಡೆಲ್. ಪಿಲಾರ್ಸ್ಕಿ ಸರಿ, ಅದರ ಮುಂಚಿನ ಹೆಸರು ಇನ್ಯಾರದೋ.”

“ಎಡವಟ್ಟಲ್ಲ. ಅವನ ಹೆಸರು. ಅವನಮ್ಮ ಇಟ್ಟಿದ್ದು, ಅವರ ಹಳೇ ದೇಶದ ಹೆಸರು.”

“ಚೆಟ್ ಅಂದ್ರೆ ಚೆಸ್ಟರ್ ಅಲ್ವಾ?”

“ಕಾರ್ಖಾನೆಯಲ್ಲಿ ಫೋರ್‌ಮನ್ ನಾಲಿಗೆ ಹೊರಳ್ಲಿಲ್ಲ ಅಂತ ಚೆಟ್ ಅಂತ ಕರ್ದ. ಅದೇ ಉಳ್ಕೊಂಡ್ತು.”

ಮೂವರೂ ಕಲ್ಲನ್ನು ನೋಡುತ್ತ ನಿಂತರು. ಅವನ ಪಕ್ಕದ ಯಂತ್ರದಲ್ಲಿ ದುಡಿದವನು, ಅವನ ತಲೆಗೂದಲು ಕತ್ತರಿಸಿದವನು, ಅವನಿಗೆ ಬಿಯರ್ ಸುರಿದವನು. ಬಡ್ ಟೊಪ್ಪಿಗೆ ತೆಗೆದ. ಹಿಡಿದುಕೊಳ್ಳುವುದೋ ಹಾಕಿಕೊಳ್ಳುವುದೋ ತಿಳಿಯದೆ ಎರಡು ಕೈಯಲ್ಲೂ ತಿರುಗಿಸಿದ.

“ಹೇಗೆ ಹೇಳೋದು ಇದನ್ನ?” ಎಂದ.

“ಚೆಸ್ವಾವ್” ಎಂದಳು ಡೆಲ್ಫೀನ್.

“ಸೆಸ್ಲಾ.”

“ಚೆಸ್ವಾವ್.”

“ಚೆಸ್ಲಾವ್” ಎಂದ ಬಡ್.

“ಇನ್ನೊಂದು ಸಲ ಹೇಳು” ಎಂದಳು.